ಹೊಸ್ತಿಲು ಬೆಳೆಯುವ ಊರಿನ ಬಳೆಗಾರ್ತಿ

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹಾಲುಹಲ್ಲು ಇದ್ದ ಕಾಲದಲ್ಲಿ, ಎತ್ತರಾವತಿ ಅಂತ ಒಂದು ರಾಜ್ಯವಿತ್ತು. ಸುಳ್ಳು ಅನ್ನಬೇಡಿ. ಆ ಊರಿನ ಹೆಬ್ಬಾಗಿಲಲ್ಲಿ ನಿಮ್ಮ ಈ ಮಾವ ಒಂದು ಸೀನು ಸೀನಿದ್ದಕ್ಕೆ ಕೋಟೆಯ ಬುರುಜುಗಳು ಇವತ್ತಿಗೂ ವಾಲಿಕೊಂಡಿವೆ.

ಆ ಊರಲ್ಲಿ ಮರ್ಯಾದೆ ಅಳೆಯುತ್ತಿದ್ದದ್ದು ಹೊಸ್ತಿಲಿನಿಂದ. ಮಗು ಹುಟ್ಟಿದರೆ ಹೊಸ್ತಿಲಿಗೆ ಒಂದು ಕಲ್ಲು, ಮದುವೆಯಾದರೆ ಒಂದು ಕಲ್ಲು, ಎದುರುಮನೆಯವರು ಒಂದು ಕಲ್ಲು ಏರಿಸಿದರೆ ಹೊಟ್ಟೆಕಿಚ್ಚಿಗೆ ಎರಡು ಕಲ್ಲು. ಕಲ್ಲು ಕೊಡುತ್ತಿದ್ದವನು ಕರಿಕಂಠನೆಂಬ ಮಾಂತ್ರಿಕ. ಅವೇನು ಸಾಮಾನ್ಯ ಕಲ್ಲುಗಳಲ್ಲ. ‘ನಮ್ಮ ಹೊಸ್ತಿಲು ನೋಡಿದಿರಾ?’ ಎಂದು ಯಾರಾದರೂ ಜಂಬ ಕೊಚ್ಚಿದರೆ ಸಾಕು, ಆ ಮಾತನ್ನೇ ತಿಂದು ಗೇಣುದ್ದ ಬೆಳೆಯುತ್ತಿದ್ದವು. ನಾನೇನಾದರೂ ಅಲ್ಲಿ ಮನೆ ಮಾಡಿದ್ದರೆ ನನ್ನ ಹೊಸ್ತಿಲು ಚಂದ್ರನ ಗಲ್ಲಕ್ಕೆ ತಾಗುತ್ತಿತ್ತು. ಪಾಪ ಅಂತ ಬಿಟ್ಟೆ.

ಅಲ್ಲಿ ಕೆಂಚಿ ಎಂಬ ಬಳೆಗಾರ್ತಿ ಇದ್ದಳು. ಹುಟ್ಟಿದಾಗಿನಿಂದ ಅವಳ ಕಾಲುಗಳಿಗೆ ನಡಿಗೆ ಬಂದಿರಲಿಲ್ಲ. ಗಾಲಿ ಕಟ್ಟಿದ ಹಲಗೆಬಂಡಿಯಲ್ಲಿ ಕೂತು ಊರೆಲ್ಲ ಸುತ್ತುತ್ತಿದ್ದಳು. ಬಂಡಿ ಎಳೆಯುತ್ತಿದ್ದದ್ದು ಗುಡುಗಯ್ಯನೆಂಬ ಟಗರು. ಟಗರು ಮಾತಾಡುತ್ತಿತ್ತು. ಅದು ಸಾಲದು ಅಂತ ಎದುರುಮಾತೂ ಆಡುತ್ತಿತ್ತು.

ಬಳೆ ತೊಡಿಸುವುದೆಂದರೆ ಬೀದಿಯಲ್ಲಿ ನಿಂತು ಮಾಡುವ ಕೆಲಸವಲ್ಲ. ಒಳಗೆ ಚಾಪೆ ಹಾಕಿ ಕೂರಿಸುತ್ತಾರೆ, ಎಲೆ ಅಡಿಕೆ ಕೊಡುತ್ತಾರೆ, ಬಳೆಗಾರ್ತಿ ಒಂದೊಂದೇ ಕೈ ಹಿಡಿದು ಮೆಲ್ಲಗೆ ಒತ್ತಿ ತೊಡಿಸುತ್ತಾಳೆ. ಹೊಸ್ತಿಲುಗಳು ಬೆಳೆದ ಹಾಗೆ ಒಂದೊಂದೇ ಮನೆ ಅವಳಿಗೆ ಮುಚ್ಚಿತು.

ಅಷ್ಟರಲ್ಲಿ ಕರಿಕಂಠ ರಾಜ ಉದ್ದಂಡರಾಯನ ಕಿವಿ ಊದಿದ. ಊರೆಲ್ಲ ಡಂಗುರ ಸಾರಿದರು: ‘ಹೊಸ್ತಿಲಹಬ್ಬದ ದಿನ ಅರಮನೆಯ ಹೊಸ್ತಿಲನ್ನು ತಾವಾಗಿ ದಾಟದವರು ಈ ಊರಿನವರಲ್ಲ! ಸಂಜೆಯೊಳಗೆ ಕೋಟೆಯಾಚೆಯ ಕಲ್ಲುಬಯಲಿಗೆ ಹೋಗತಕ್ಕದ್ದು!’

ಗುಡುಗಯ್ಯ ಕೊಂಬು ತಗ್ಗಿಸಿತು. “ಏನಕ್ಕಾ, ಗಂಟುಮೂಟೆ ಕಟ್ಟೋಣವಾ?”

“ಯಾಕೋ? ನಮ್ಮಜ್ಜಿ ಇದೇ ಮಣ್ಣಲ್ಲಿ ಬಳೆ ಮಾರಿದಳು, ನಮ್ಮವ್ವ ಮಾರಿದಳು. ನಾನು ಹೋಗಲ್ಲ. ಅರಮನೆಗೇ ನಡಿ.”

“ಅಲ್ಲಿ ಆನೆಯೆತ್ತರದ ಹೊಸ್ತಿಲಿದೆ!”

“ಇರಲಿ. ಅದೂ ನನ್ನ ಮುಖ ಒಂದ್ಸಲ ನೋಡಲಿ.”

ಹಬ್ಬದ ಬೆಳಗ್ಗೆ ಹೊರಟರು. ಮೊದಲು ಸಿಕ್ಕಿದ್ದು ಪೇಟೆಯ ಮೆಟ್ಟಿಲಬೀದಿ. ಅದು ಬೀದಿಯಲ್ಲ, ಮಂತ್ರಕ್ಕೆ ಸಿಕ್ಕಿ ಬಿದ್ದ ಕಲ್ಲುಮೊಸಳೆ. ಮಡಚಿಕೊಂಡ ಅದರ ಬೆನ್ನೇ ಮೆಟ್ಟಿಲು.

ಮೊಸಳೆ ಒಂದು ಕಣ್ಣು ತೆರೆಯಿತು. “ಅಯ್ಯೋ ಕೂಸೇ, ಹತ್ತೋಕಾಗಲ್ವಾ? ಬಾ, ಬಾಯಲ್ಲಿ ಕಚ್ಚಿಕೊಂಡು ಹೋಗಿ ಮೇಲೆ ಬಿಡ್ತೀನಿ.”

“ನೀನು ಕಚ್ಚಿಕೊಂಡು ಹೋದವರೆಲ್ಲ ಎಲ್ಲಿಗೆ ಹೋದರು?”

“ನನಗೆ ಇಷ್ಟ ಬಂದ ಕಡೆ.”

“ನೋಡಿದೆಯಾ! ನನಗೆ ನನಗಿಷ್ಟ ಬಂದ ಕಡೆ ಹೋಗಬೇಕು,” ಎಂದಳು ಕೆಂಚಿ. ಆಮೇಲೆ ಅದರ ಬೆನ್ನು ತಟ್ಟಿ ಕೇಳಿದಳು, “ಅದಿರಲಿ, ನೀನು ಮೈ ನೀಡಿ ಮಲಗಿ ಎಷ್ಟು ಕಾಲವಾಯ್ತು?”

ಮೊಸಳೆಯ ಕಣ್ಣಲ್ಲಿ ನೀರು ಬಂತು. ನಿಜವಾದ ನೀರು. “ಯಾರೂ ಕೇಳಿರಲಿಲ್ಲ ತಾಯಿ. ಮಡಚಿ ಮಡಚಿ ಸೊಂಟ ಬಿದ್ದುಹೋಗಿದೆ.”

“ನಿನಗೆ ಮಡಚಿಕೊಂಡಿರು ಅಂದವನು ಕರಿಕಂಠ. ಅವನ ಮಾತು ನೀನ್ಯಾಕೆ ಕೇಳಬೇಕು? ಚಾಚು!”

ಮೊಸಳೆ ಲಟಲಟ ಲಟಲಟ ಅಂತ ಬೆನ್ನೆಲುಬು ಬಿಚ್ಚಿ ಮೈ ಚಾಚಿತು. ಮೆಟ್ಟಿಲೆಲ್ಲ ಮಾಯವಾಗಿ ಬೀದಿ ನುಣ್ಣನೆಯ ಇಳಿಜಾರಾಯಿತು. ಕೆಂಚಿಯ ಬಂಡಿ ಗಡಗಡ ಗಡಗಡ ಏರಿತು. ಅವಳ ಹಿಂದೆಯೇ ಕೋಲೂರುವ ಮುದುಕರು, ತುಂಬು ಬಸುರಿಯರು, ಮೂಟೆ ಹೊತ್ತ ಹಮಾಲರು. “ಇಷ್ಟು ಜನ ಇಷ್ಟು ದಿನ ಎಲ್ಲಿದ್ದರು?” ಎಂದು ಪೇಟೆಯವರು ಬಾಯಿ ಬಿಟ್ಟರು.

“ಕೆಳಗೆ,” ಎಂದಿತು ಗುಡುಗಯ್ಯ.

ಎರಡನೆಯದು ಅರಮನೆ ಬೀದಿಯ ಪಿಸುಬಾಗಿಲು. ಬಂದವರನ್ನು ಅದು ಪಿಸುದನಿಯಲ್ಲಿ ‘ಯಾರು?’ ಎಂದು ಕೇಳುತ್ತಿತ್ತು. ಹೆಸರು ಕೂಗಿದರೆ ತೆರೆಯುತ್ತಿತ್ತು. ಅದರ ಮುಂದೆ ಬುಟ್ಟಿ ಹೆಣೆಯುವ ಬೆಳ್ಳಪ್ಪ ಕೂತಿದ್ದ. ಅವನಿಗೆ ಕಿವಿ ಕೇಳದು, ಮಾತೆಲ್ಲ ಕೈಯಲ್ಲೇ. ಬೆಳಗಿನಿಂದ ಹೆಸರು ಹೇಳುತ್ತಲೇ ಇದ್ದ, ಬೆರಳಲ್ಲಿ ಬುಟ್ಟಿ ಹೆಣೆದು, ಎದೆ ಮುಟ್ಟಿ ತೋರಿಸಿ.

“ಇವನಿಗೆ ಸೊಕ್ಕು,” ಎಂದಿತು ಬಾಗಿಲು. “ಉತ್ತರವನ್ನೇ ಕೊಡಲ್ಲ.”

“ಕೊಡ್ತಾನೇ ಇದ್ದಾನೆ,” ಎಂದಳು ಕೆಂಚಿ. “ನಿನಗೆ ಕಣ್ಣಿಲ್ಲ, ಅದಕ್ಕೆ ಅವನನ್ನ ಬೈತೀಯಾ? ಬಾಯಿದ್ದ ಮಾತ್ರಕ್ಕೆ ದೊಡ್ಡ ಮನುಷ್ಯನಾ ನೀನು?”

ಬಾಗಿಲಿಗೆ ಅವಮಾನವಾಯಿತು. “ಕಣ್ಣು ಕೊಟ್ಟರೆ ನೋಡ್ತೀನಪ್ಪಾ.”

ಕೆಂಚಿ ಬಳೆಯ ಅರಗನ್ನು ಬಂಡಿಯಲ್ಲಿದ್ದ ಕುಡಿಕೆಯ ಕೆಂಡದಲ್ಲಿ ಮೆತ್ತಗೆ ಮಾಡಿ, ಕನ್ನಡಿಯ ಎರಡು ಚೂರನ್ನು ಬಾಗಿಲಿಗೆ ಅಂಟಿಸಿದಳು. ಬಾಗಿಲು ರೆಪ್ಪೆ ಬಡಿಯಿತು. ಜಗತ್ತನ್ನು ಮೊದಲ ಸಲ ನೋಡಿ ಕೆಂಪಗಾಯಿತು. ಆಮೇಲೆ ಬೆಳ್ಳಪ್ಪನತ್ತ ತಿರುಗಿ, ಪಿಸುಗುಟ್ಟದೆ, ಹುಬ್ಬು ಹಾರಿಸಿ ‘ಯಾರು?’ ಎಂದು ಕೇಳಿತು. ಬೆಳ್ಳಪ್ಪ ಹೇಳಿದ. ಬಾಗಿಲು ಎರಡೂ ರೆಕ್ಕೆ ಬಿಚ್ಚಿ ತೆರೆಯಿತು. ಒಳಗೆ ಹೋಗುವಾಗ ಬೆಳ್ಳಪ್ಪ ಬೆರಳಲ್ಲಿ ಇನ್ನೇನೋ ಅಂದ. ಅದನ್ನು ನಾನಿಲ್ಲಿ ಹೇಳಲಾರೆ. ಬಾಗಿಲಿಗಂತೂ ಚೆನ್ನಾಗಿ ಅರ್ಥವಾಯಿತು.

ಮೂರನೆಯದೇ ಅರಮನೆಯ ಹೊಸ್ತಿಲು. ಅದರ ಮೇಲೆ ಕರಿಕಂಠ ನಿಂತಿದ್ದ, ಪಕ್ಕದಲ್ಲಿ ಉದ್ದಂಡರಾಯ. ಏಣಿ ಹತ್ತಿ ದಾಟಲು ಊರಿಗೂರೇ ಸಾಲು ನಿಂತಿತ್ತು.

“ಬಂದೆಯಾ?” ನಕ್ಕ ಕರಿಕಂಠ. “ನಾನು ಕೆಟ್ಟವನಲ್ಲಮ್ಮ. ತಗೋ.” ಗಾಳಿಯಲ್ಲಿ ಕೈ ಆಡಿಸಿದ. ಎರಡು ಚಿನ್ನದ ಕಾಲುಗಳು ಥಳಥಳ ಹೊಳೆಯುತ್ತ ಇಳಿದು ಬಂದವು. “ತೊಟ್ಟುಕೋ, ದಾಟು, ನನಗೆ ಕೈ ಮುಗಿ.”

“ತಗೊಳ್ಳೇ ಹುಡುಗಿ!” “ಪುಣ್ಯಾತ್ಮ ಕೊಡ್ತಿದ್ದಾನೆ!” ಎಂದರು ಜನ.

ಕೆಂಚಿ ಆ ಕಾಲುಗಳನ್ನು ಮುಟ್ಟಲೂ ಇಲ್ಲ. “ನನ್ನ ಕಾಲು ಕೆಟ್ಟಿದೆ ಅಂತ ನಿನಗ್ಯಾರು ಹೇಳಿದರು? ಅದರ ಪಾಡಿಗೆ ಅದಿದೆ. ಕೆಟ್ಟಿರೋದು ನಿನ್ನ ಹೊಸ್ತಿಲು. ಇವತ್ತು ನನಗೆ ಕಾಲು ಕೊಡ್ತೀಯ, ನಾಳೆ ಬೆಳ್ಳಪ್ಪನಿಗೆ ಕಿವಿ, ನಾಡಿದ್ದು ಮುದುಕರಿಗೆಲ್ಲ ಯೌವನ. ಊರನ್ನೇ ಬದಲಾಯಿಸ್ತೀಯ, ಒಂದು ಕಲ್ಲು ಕೆಳಗಿಳಿಸಲ್ಲ!”

ರಾಜನಿಗೆ ಮುಜುಗರವಾಯಿತು. “ಹಟ ಬೇಡ ತಂಗೀ. ನಾಲ್ಕು ಜನ ಎತ್ತಿ ಒಳಗಿಡ್ತಾರೆ. ಯಾರಿಗೂ ಹೇಳಲ್ಲ.”

“ನಾನೇನು ಅಕ್ಕಿಮೂಟೆಯಾ ಪ್ರಭುಗಳೇ? ತಾವಾಗಿ ದಾಟಬೇಕು ಅಂದವರು ತಾವೇ. ಹಾಗಾದರೆ ಒಂದು ಮಾತು ಕೇಳ್ತೀನಿ. ರಾಜಮಾತೆ ಎಲ್ಲಿ? ಹೊಸ್ತಿಲು ಮೊಣಕಾಲೆತ್ತರ ಇದ್ದಾಗ ಅವರು ಹೊರಗೆ ಬಂದು ನನ್ನ ಹತ್ತಿರ ಬಳೆ ತೊಡಿಸಿಕೊಂಡಿದ್ದರು. ಆಮೇಲೆ ಬೀದಿಯಲ್ಲಿ ಅವರನ್ನ ಯಾರಾದರೂ ಕಂಡಿದ್ದೀರಾ?”

ಆಗ ಒಳಗಿನಿಂದ ಒಂದು ದನಿ ಗುಡುಗಿತು.

“ಏ ಉದ್ದಂಡಾ! ಮಂಡಿ ಮಡಚಲಾರದ ನಾನು ಆನೆಯೆತ್ತರ ಹಾರಿ ಬರಲೇನೋ? ನಾನೂ ದಾಟಿಲ್ಲ. ನಿನ್ನ ಕಾನೂನಿನ ಪ್ರಕಾರ ನನ್ನನ್ನೂ ಕಲ್ಲುಬಯಲಿಗೆ ಕಳಿಸು. ಕಳಿಸೋದಕ್ಕಾದರೂ ಈ ಹೊಸ್ತಿಲು ದಾಟಿಸಬೇಕಲ್ಲ, ಅದು ಹೇಗೆ ಮಾಡ್ತೀಯೋ ನೋಡೇಬಿಡ್ತೀನಿ!”

“ಮಹಾತಾಯೀ, ತಮಗೂ ಚಿನ್ನದ ಕಾಲು—” ಎಂದು ಕರಿಕಂಠ ತೊದಲಿದ.

“ನಿನ್ನ ತಲೆ ಮೇಲಿಟ್ಟುಕೋ!”

ಉದ್ದಂಡರಾಯನ ಕಿರೀಟ ಒಂದು ಕಡೆ ಜಾರಿತು. ಅಷ್ಟು ವರ್ಷ ಅಮ್ಮ ಜಾತ್ರೆಗೆ ಬರದಿದ್ದದ್ದು, ಕೆರೆ ನೋಡಲು ಬರದಿದ್ದದ್ದು, ಎಲ್ಲ ಅವನಿಗೆ ಒಮ್ಮೆಲೇ ನೆನಪಾಯಿತು. ಅವನು ಹೊಸ್ತಿಲಿನಿಂದ ಇಳಿದು, ಅದಕ್ಕೆ ಎದುರಾಗಿ ನಿಂತು ಜೋರಾಗಿ ಹೇಳಿದ: “ಇದು ನನ್ನ ಮರ್ಯಾದೆಯಲ್ಲ. ಇದು ನಮ್ಮಮ್ಮನ ಸೆರೆಮನೆ.”

ಜಂಬ ತಿಂದು ಬೆಳೆದ ಕಲ್ಲಿಗೆ ಆ ಮಾತು ಅರಗಲಿಲ್ಲ. ಮೇಲಿನ ಕಲ್ಲು ಬಿರುಕು ಬಿಟ್ಟು ಪುಡಿಯಾಯಿತು.

“ಹೇಳಿ!” ಕೆಂಚಿ ಜನರತ್ತ ತಿರುಗಿದಳು. “ನಿಮ್ಮ ನಿಮ್ಮ ಹೊಸ್ತಿಲು ಯಾರನ್ನ ತಡೆದಿದೆ? ಬಾಯಿ ಬಿಟ್ಟು ಹೇಳಿ!”

“ನಮ್ಮ ಮಾವನೋರು ಅಟ್ಟದಲ್ಲೇ ಇದ್ದಾರೆ...” “ನನ್ನ ತಂಗಿಗೆ ಕಣ್ಣು ಕಾಣಲ್ಲ, ತವರಿಗೆ ಬರೋದನ್ನೇ ಬಿಟ್ಟಳು...” “ನಾನೇ! ನನ್ನ ಮನೆಗೆ ನಾನೇ ತೆವಳಿಕೊಂಡು ಹೋಗೋದು!” ಒಂದೊಂದು ಮಾತಿಗೂ ಒಂದೊಂದು ಕಲ್ಲು ಢಮ್ಮೆಂದಿತು. ಊರಿನ ಹೊಸ್ತಿಲುಗಳೆಲ್ಲ ಉದುರಿದವು. ಕರಿಕಂಠನ ಮೈಯೂ ಅದೇ ಕಲ್ಲಿನದ್ದು. ಮೊದಲು ಮೀಸೆ, ಆಮೇಲೆ ಮೂಗು, ಆಮೇಲೆ ಪೂರ್ತಿ ಮನುಷ್ಯನೇ ಸುರಿದುಹೋದ. ಆ ಪುಡಿಯನ್ನು ಬಳಿದು ಜನ ಬೀದಿಯ ಹಳ್ಳಕೊಳ್ಳ ತುಂಬಿಸಿದರು. ಬದುಕಿದ್ದಾಗ ಒಬ್ಬರಿಗೂ ಆಗದವನು ಸತ್ತ ಮೇಲೆ ರಸ್ತೆಯಾದ.

ಕೆಂಚಿಯ ಬಂಡಿ ಒಳಗೆ ಹೊರಟಿತು. ರಾಜಮಾತೆ ಕೋಲೂರಿಕೊಂಡು ಹೊರಗೆ ಬಂದರು. ಬಾಗಿಲಲ್ಲಿ ಇಬ್ಬರೂ ಎದುರಾದರು.

ರಾಜ ಕೈ ಮುಗಿದ. “ತಾಯೀ, ಏನು ವರ ಬೇಕೋ ಬೇಡು.”

“ಬೇಡೋಕೆ ಬಂದವಳಲ್ಲ, ದಾಟೋಕೆ ಬಂದವಳು,” ಎಂದಳು ಕೆಂಚಿ. “ದಾರಿ ಬಿಡಿ.”

ರಾಜ ಬಿಟ್ಟ. ಅವತ್ತೇ ಆ ಕಾನೂನನ್ನು ಒಲೆಗೆ ಹಾಕಿ ಹಬ್ಬದ ಪಾಯಸ ಕಾಯಿಸಿದರು. ಅಂದಿನಿಂದ ಎತ್ತರಾವತಿಯಲ್ಲಿ ಕುಂಟುವವರು, ತೆವಳುವವರು, ಓಡುವವರು, ಉರುಳುವವರು ಎಲ್ಲರೂ ಒಂದೇ ಬಾಗಿಲಲ್ಲಿ ಬಂದು, ಒಂದೇ ಪಂಕ್ತಿಯಲ್ಲಿ ಉಂಡು, ಒಬ್ಬರನ್ನೊಬ್ಬರು ಬೈದಾಡಿಕೊಂಡು ಸುಖವಾಗಿದ್ದರು. ಎಂದಾದರೂ ಯಾವನಾದರೂ ‘ಅಂದಕ್ಕೆ ಒಂದೇ ಒಂದು ಸಣ್ಣ ಕಲ್ಲು’ ಎಂದು ರಾಗ ತೆಗೆದರೆ, ಬೀದಿಯ ಅಷ್ಟೂ ಮನೆಗಳಿಂದ ಬಳೆ ತೊಟ್ಟ ಕೈಗಳು ಸೊಂಟದ ಮೇಲೆ ಏರುತ್ತಿದ್ದವು. ಅವನು ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ ದಾರಿ ಹಿಡಿಯುತ್ತಿದ್ದ.