ಲಿಂಗರಾಜನ ರೇಸ್ ಲೈಸೆನ್ಸ್

೧೯೮೩ರ ಮಾರ್ಚ್ ೧೪, ಸೋಮವಾರ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಅಡಿಲೇಡಿನ ಪ್ರಾಸ್ಪೆಕ್ಟ್ ಪೊಲೀಸ್ ಠಾಣೆಯ ಕೌಂಟರಿಗೆ ಕಂದು ಬಣ್ಣದ ಲಕೋಟೆ ಹಿಡಿದುಕೊಂಡ ಒಬ್ಬ ಭಾರತೀಯ ಬಂದ. ಹೆಸರು ಲಿಂಗರಾಜ, ವಯಸ್ಸು ಮೂವತ್ತಾರು, ವೃತ್ತಿ ಕಾರ್ ರೇಸ್. ಯಾರೋ ಸುಳ್ಳು ಕಾಗದ ಕಳಿಸಿ ತನ್ನ ರೇಸ್ ಲೈಸೆನ್ಸ್ ಅಮಾನತು ಮಾಡಿಸಿದ್ದಾರೆ ಎಂಬುದು ಅವನ ದೂರು.

ಬರೆದುಕೊಂಡವನು ಡಿಟೆಕ್ಟಿವ್ ಸಾರ್ಜೆಂಟ್ ಡೆನ್ಜಿಲ್ ರೊಜಾರಿಯೊ. ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಕಾಲೋನಿಯಲ್ಲಿ. ಅಪ್ಪ ಅಲ್ಲಿನ ಠಾಣೆಯ ಹೆಡ್ ಕಾನ್‌ಸ್ಟೇಬಲ್. ಆಸ್ಟ್ರೇಲಿಯಾಕ್ಕೆ ಬಂದು ಇಪ್ಪತ್ತು ವರ್ಷವಾದರೂ ಇಲ್ಲಿನ ದೂರಿನ ನಮೂನೆಗೆ ಅವನ ಮನಸ್ಸಿನಲ್ಲಿ ಎಫ್‌ಐಆರ್ ಎಂದೇ ಹೆಸರು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಪಂಚನಾಮೆ ಎಂದೇ.

"ಕನ್ನಡದಲ್ಲೇ ಹೇಳಿ," ಎಂದ ರೊಜಾರಿಯೊ.

ಲಿಂಗರಾಜ ಒಂದು ಕ್ಷಣ ಅವನ ಮುಖ ನೋಡಿ, ಲಕೋಟೆಯಿಂದ ಮೋಟಾರ್ ಕ್ರೀಡಾ ಮಂಡಳಿ ಕಳಿಸಿದ್ದ ನಕಲು ತೆಗೆದ. ಅದು ವೈದ್ಯಕೀಯ ಪ್ರಮಾಣಪತ್ರ. ಲಿಂಗರಾಜನಿಗೆ ಎರಡು ಸಲ ಮೂರ್ಛೆ ಬಂದಿದೆ, ವಾಹನ ಓಡಿಸಲು ಯೋಗ್ಯನಲ್ಲ ಎಂದಿತ್ತು. ತಾರೀಖು ೧೧ ಜೂನ್ ೧೯೮೨. ಕೆಳಗೆ ಪರ್ತ್‌ನ ಡಾಕ್ಟರ್ ಸತ್ಯನಾರಾಯಣ ಅವರ ರುಜು.

"ಇವರು ಗೊತ್ತಾ?"

"ನಮ್ಮಣ್ಣ. ನನಗೆ ಒಂದು ದಿನಾನೂ ಮೂರ್ಛೆ ಬಂದಿಲ್ಲ ಸರ್. ರೇಸ್ ಬಿಡು ಬಿಡು ಅಂತ ವರ್ಷಗಟ್ಟಲೆ ಹೇಳ್ತಿದ್ದ. ಹಿಂಗ್ ಮಾಡ್ತಾನೆ ಅಂದ್ಕೊಂಡಿರ್ಲಿಲ್ಲ."

ಅವನ ಕತೆಯನ್ನು ರೊಜಾರಿಯೊ ಎರಡು ಪುಟದಲ್ಲಿ ಬರೆದುಕೊಂಡ. ಮದರಾಸಿನ ಹತ್ತಿರದ ಶೋಲಾವರಂ ರೇಸ್ ಟ್ರ್ಯಾಕಿನಲ್ಲಿ ಹವ್ಯಾಸಕ್ಕೆ ಓಡಿಸುತ್ತಿದ್ದವನು ೧೯೭೪ರಲ್ಲಿ ಅಣ್ಣನಿದ್ದ ಪರ್ತ್‌ಗೆ ಬಂದ. ಎರಡು ವರ್ಷದ ನಂತರ ಬ್ರಿಸ್ಬೇನಿಗೆ ಹೋಗಿ ಜೇಡಿಮಣ್ಣಿನ ಅಂಡಾಕಾರದ ಟ್ರ್ಯಾಕಿನಲ್ಲಿ ಸ್ಟಾಕ್ ಕಾರ್ ಓಡಿಸಿದ. ಒಬ್ಬರ ಕಾರನ್ನೊಬ್ಬರು ಗುದ್ದಿಕೊಂಡು ಮುನ್ನುಗ್ಗುವ ಆಟ ಅದು, ಪಕ್ಕೆಲುಬು ಮೂರು ಸಲ ಮುರಿದಿತ್ತು. ೧೯೮೧ರಿಂದ ಅಡಿಲೇಡಿನಲ್ಲಿ ತಿರುವುಗಳಿರುವ ಡಾಂಬರು ಟ್ರ್ಯಾಕಿನ ರೇಸ್. ಕಳೆದ ತಿಂಗಳಷ್ಟೇ ದೊಡ್ಡ ತಂಡವೊಂದು ಅವನನ್ನು ಸೇರಿಸಿಕೊಂಡಿತ್ತು. ಏಪ್ರಿಲ್ ಹತ್ತರೊಳಗೆ ಲೈಸೆನ್ಸ್ ಮರಳದಿದ್ದರೆ ಸೀಟು ಬೇರೆಯವರ ಪಾಲು.

ಅಣ್ಣನನ್ನು ಬಿಟ್ಟರೆ ಹತ್ತಿರದವರು ಯಾರೆಂದು ಕೇಳಿದಾಗ ಲಿಂಗರಾಜ ಒಂದೇ ಹೆಸರು ಹೇಳಿದ. ಉಮಾಕಾಂತ. ಎಂಟು ವರ್ಷ ಅವನ ಕಾರುಗಳನ್ನು ನೋಡಿಕೊಂಡ ಮೆಕ್ಯಾನಿಕ್. ಬ್ರಿಸ್ಬೇನಿನಲ್ಲಿ ಗ್ಯಾರೇಜು ಇಟ್ಟಿದ್ದಾನೆ, ರೇಸ್ ಎಲ್ಲಿದ್ದರೂ ಬರುತ್ತಾನೆ. "ಉಮಣ್ಣನ ಮೇಲೆ ಅನುಮಾನ ಬೇಡ ಸರ್," ಎಂದು ಲಿಂಗರಾಜ ತಾನಾಗಿಯೇ ಸೇರಿಸಿದ.

ಮಾರ್ಚ್ ೧೭ರಂದು ಕಾನ್‌ಸ್ಟೇಬಲ್ ಜೆನ್ನಿ ಹ್ಯೂಸ್ ಮಂಡಳಿಯಿಂದ ಮೂಲ ಪತ್ರ ತಂದಳು. ಲಕೋಟೆಯ ಮೇಲೆ ಬ್ರಿಸ್ಬೇನಿನ ಅಂಚೆ ಮುದ್ರೆ ಇತ್ತು. ಪ್ರಯೋಗಾಲಯದಲ್ಲಿ ನೇರಳಾತೀತ ದೀಪದ ಕೆಳಗಿಟ್ಟಾಗ ಎರಡು ಕಡೆ ಕಾಗದ ಕೆರೆದದ್ದು ಕಂಡಿತು: ರೋಗಿಯ ಹೆಸರು, ಇಸವಿಯ ಕೊನೆಯ ಎರಡು ಅಂಕಿ. ಅಲ್ಲಿ ಬೇರೆ ಟೈಪ್‌ರೈಟರಿನಲ್ಲಿ ಹೊಸದಾಗಿ ಒತ್ತಿದ್ದರು. ಹಳೆಯ ಹೆಸರು ಓದಲು ಬರಲಿಲ್ಲ. ಜೆನ್ನಿ ಪರ್ತ್‌ಗೆ ಫೋನ್ ಮಾಡಿ ಇನ್ನೊಂದು ಸಂಗತಿ ತಿಳಿದುಕೊಂಡಳು. ಪತ್ರದ ತಲೆಯಲ್ಲಿದ್ದ ವಿಕ್ಟೋರಿಯಾ ಪಾರ್ಕ್ ಬಡಾವಣೆಯ ವಿಳಾಸದಿಂದ ಡಾಕ್ಟರ ಕ್ಲಿನಿಕ್ಕು ೧೯೭೮ರಲ್ಲೇ ಬೇರೆಡೆಗೆ ಹೋಗಿತ್ತು.

ಕಾಗದ ಹಳೆಯದು. ಕಾಯಿಲೆ ಬೇರೆ ಯಾರದೋ.

ಮಾರ್ಚ್ ೨೧ರಂದು ರೊಜಾರಿಯೊ ಪರ್ತ್‌ನಲ್ಲಿದ್ದ. ಡಾಕ್ಟರ್ ಸತ್ಯನಾರಾಯಣ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ರುಜು ತಮ್ಮದೇ ಎಂದರು. ತಮ್ಮನ ವಿಷಯದಲ್ಲಿ ಇಂಥದ್ದು ಬರೆದಿಲ್ಲ ಎಂದರು. ಆಮೇಲೆ ತಾರೀಖಿನ ಮೇಲೆ ಬೆರಳಿಟ್ಟು ನೋಡಿ, ಪತ್ರವನ್ನು ರೊಜಾರಿಯೊ ಕಡೆಗೆ ಸರಿಸಿದರು.

"ಯಾರಿಗೆ ಬರೆದಿದ್ರಿ ಡಾಕ್ಟ್ರೇ?"

"ಪೇಷೆಂಟ್ ಹೆಸರು ನಾನು ಹೇಳೋ ಹಾಗಿಲ್ಲ. ವಾರಂಟ್ ತನ್ನಿ."

ಹೊರಡುವಾಗ ಅವರು ಬಾಗಿಲ ತನಕ ಬಂದರು. ಇದನ್ನು ಮಾಡಿಸಿದ್ದು ತಾವೇ ಎಂದು ಲಿಂಗು ನಂಬಿದ್ದಾನಾ ಎಂದು ಕೇಳಿದರು. ರೊಜಾರಿಯೊ ಹೌದೆಂದ. ಡಾಕ್ಟರು ತಲೆಯಾಡಿಸಿ ಒಳಗೆ ಹೋದರು.

ಮರುದಿನ ವಾರಂಟ್ ಬಂತು. ಕ್ಲಿನಿಕ್ಕಿನ ಹಳೆಯ ರಿಜಿಸ್ಟರುಗಳಲ್ಲಿ ೧೯೭೮ಕ್ಕೆ ಹಿಂದಿನ ಒಂದೊಂದೇ ಜೂನ್ ಹನ್ನೊಂದನ್ನು ನೋಡುತ್ತ ಹೋದಾಗ, ೧೯೭೫ರ ಪುಟದಲ್ಲಿ ಪ್ರಮಾಣಪತ್ರ ಪಡೆದವನ ಹೆಸರು ಒಂದೇ ಇತ್ತು. ಉಮಾಕಾಂತ, ವೃತ್ತಿ: ರೇಸ್ ಚಾಲಕ.

ಹೆಸರು ಹೊರಬಿದ್ದ ಮೇಲೆ ಡಾಕ್ಟರು ಉಳಿದದ್ದನ್ನು ಹೇಳಿದರು. ಶೋಲಾವರಂನಲ್ಲಿ ಲಿಂಗರಾಜನಿಗಿಂತ ವೇಗವಾಗಿ ಓಡಿಸುತ್ತಿದ್ದವನು ಉಮಾಕಾಂತ. ಪರ್ತ್‌ನಲ್ಲಿ ಮೊದಲು ಸೀಟು ಸಿಕ್ಕಿದ್ದೂ ಅವನಿಗೇ. ಎರಡನೇ ಸಲ ಮೂರ್ಛೆ ಹೋದಾಗ ಡಾಕ್ಟರು ಮಂಡಳಿಗೆ ಕೊಡಲೆಂದು ಪತ್ರ ಬರೆದುಕೊಟ್ಟರು. ಅವನು ಅದನ್ನು ಕೊಡಲಿಲ್ಲ. ತಾನೇ ಕಾರಿನಿಂದ ಇಳಿದು ಲಿಂಗರಾಜನನ್ನು ಕೂರಿಸಿದ. ಬೆನ್ನುನೋವು ಎಂದು ಎಲ್ಲರಿಗೂ ಹೇಳಿದ. ಲಿಂಗರಾಜನಿಗೂ ಅಷ್ಟೇ ಗೊತ್ತು.

ಮಾರ್ಚ್ ೨೫, ಶುಕ್ರವಾರ, ಹನ್ನೊಂದು ನಲವತ್ತಕ್ಕೆ ರೊಜಾರಿಯೊ, ಜೆನ್ನಿ ಮತ್ತು ಬ್ರಿಸ್ಬೇನಿನ ಇಬ್ಬರು ಪೊಲೀಸರು ಆ ಊರಿನ ರಾಕ್ಲಿ ಬಡಾವಣೆಯಲ್ಲಿದ್ದ ಗ್ಯಾರೇಜಿಗೆ ಹೋದರು. ಉಮಾಕಾಂತ ಎಂಜಿನ್ನಿನ ಕೆಳಗಿನಿಂದ ಎದ್ದು, ಕೈ ಒರೆಸಿಕೊಂಡು, ವಾರಂಟ್ ಪೂರ್ತಿ ಓದಿದ. ಟೈಪ್‌ರೈಟರ್ ಬಿಲ್ ಬರೆಯುವ ಮೇಜಿನ ಮೇಲೇ ಇತ್ತು. ಸ್ಪ್ಯಾನರುಗಳ ಡ್ರಾಯರಿನಲ್ಲಿ ಪತ್ರಿಕೆಯ ತುಣುಕೊಂದು ಸಿಕ್ಕಿತು: ಹೊಸ ತಂಡ ಸೇರಿದ ಲಿಂಗರಾಜನ ಫೋಟೋ, ಸಂದರ್ಶನ. ತನ್ನ ಕಾರುಗಳನ್ನು ತಾನೇ ಕಟ್ಟಿದ್ದು, ಯಾರ ಸಹಾಯವೂ ಇರಲಿಲ್ಲ ಎಂದು ಅವನು ಹೇಳಿದ್ದ. ಜೆನ್ನಿ ಎರಡನ್ನೂ ಪಟ್ಟಿಗೆ ಸೇರಿಸಿದಳು.

"ತಂಡ ಸೇರಿದ್ದು ಹೇಳಿರ್ಲಿಲ್ವಾ ಅವನು?" ಕೇಳಿದ ರೊಜಾರಿಯೊ.

"ಇಲ್ಲ. ಪೇಪರ್ನಲ್ಲಿ ಓದ್ದೆ. ಮುಂದಿನ ರೇಸಿಗೆ ಗೇರ್‌ಬಾಕ್ಸ್ ಬಿಚ್ಚಿ ಇಟ್ಕೊಂಡು ಅವನ ಫೋನಿಗೆ ಕಾಯ್ತಾ ಇದ್ದೆ."

"ನಿಮ್ಮ ಪತ್ರಾನೇ ಯಾಕೆ?"

"ನನ್ನನ್ನ ನಿಲ್ಲಿಸಿದ್ದು ಅದೇ ಕಾಗದ. ಅವನನ್ನೂ ಅದೇ ನಿಲ್ಲಿಸ್ಲಿ ಅನ್ನಿಸ್ತು."

ಸುಳ್ಳು ದಾಖಲೆ ಸೃಷ್ಟಿಸಿದ ಆರೋಪದ ಮೇಲೆ ಬಂಧಿಸಿ ಭಾನುವಾರ ಅಡಿಲೇಡಿಗೆ ಕರೆತಂದರು. ಸೋಮವಾರ ಲಿಂಗರಾಜ ಠಾಣೆಗೆ ಬಂದ. ರೊಜಾರಿಯೊ ಪರ್ತ್‌ನ ದಾಖಲೆಯನ್ನು ಅವನ ಮುಂದಿಟ್ಟ. ಅವನು ಮೂರು ಸಲ ಓದಿದ. ಆಮೇಲೆ ದೂರು ವಾಪಸ್ ತಗೊಳ್ಳಬಹುದಾ ಎಂದು ಕೇಳಿದ. ಇನ್ನು ಅದು ಸರ್ಕಾರದ ಮೊಕದ್ದಮೆ, ಆಗುವುದಿಲ್ಲ ಎಂದ ರೊಜಾರಿಯೊ. ಉಮಾಕಾಂತನ ಜೊತೆ ಐದು ನಿಮಿಷ ಭೇಟಿಗೆ ಬಿಟ್ಟ. ತಾನು ಬಾಗಿಲಲ್ಲಿ ನಿಂತ.

ಇಬ್ಬರೂ ಮೇಜಿನ ಎರಡು ಕಡೆ ಕೂತರು. ಲಿಂಗರಾಜ ಬೈಯಲು ಬಂದವನು ಬೈಯಲಿಲ್ಲ. "ಬೆನ್ನುನೋವು ಅಂದಿದ್ದೆ ನೀನು," ಎಂದ. ಫೋನ್ ಮಾಡಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ಹೊಸ ತಂಡದಲ್ಲಿ ನಿನಗೆ ಜಾಗವಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ ಎಂದ.

ಉಮಾಕಾಂತ ಕೇಳಿದ. "ಒಂದು ಹೇಳು ಲಿಂಗು. ಪೇಪರ್ನವನು ಕೇಳ್ದಾಗ ನನ್ನ ಹೆಸರು ಮರೆತುಹೋಗಿತ್ತಾ?"

ಮರೆತಿದ್ದೆ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ ಉಮಣ್ಣ. ನೆನಪಿತ್ತು."

ಉಮಾಕಾಂತ ಎದ್ದು ಬಾಗಿಲಿಗೆ ಬಂದು, ಭೇಟಿ ಮುಗಿಯಿತು ಎಂದು ರೊಜಾರಿಯೊಗೆ ಹೇಳಿದ.

ಏಪ್ರಿಲ್ ೬ರಂದು ಲೈಸೆನ್ಸ್ ಮರಳಿತು. ಉಮಾಕಾಂತ ತಪ್ಪೊಪ್ಪಿಕೊಂಡ, ನ್ಯಾಯಾಲಯ ಎರಡು ವರ್ಷದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಅಂತಿಮ ವರದಿಯಲ್ಲಿ ಕೃತ್ಯದ ಕಾರಣ ಬರೆಯುವ ಜಾಗಕ್ಕೆ ಬಂದಾಗ ರೊಜಾರಿಯೊ ದ್ವೇಷ ಎಂದು ಬರೆದು, ಹೊಡೆದುಹಾಕಿದ. ಅದರ ಪಕ್ಕದಲ್ಲಿ, ಆರೋಪಿ ಹಿಂದೆ ತನ್ನ ಜಾಗವನ್ನು ದೂರುದಾರನಿಗೆ ಬಿಟ್ಟುಕೊಟ್ಟಿದ್ದ, ಅದು ದೂರುದಾರನಿಗೆ ತಿಳಿದಿರಲಿಲ್ಲ ಎಂದು ಬರೆದು ರುಜು ಹಾಕಿದ.