ಮೂವತ್ತೆರಡನೆಯ ತಲೆ

ಸೀಟಿ ಕೇಳಿದ್ದೇ ಅರ್ಗೀರೊ ಟೀಚರ್ ಎತ್ತಿದ ಕಾಲನ್ನು ಅಲ್ಲೇ ಇಳಿಸಿದಳು.

"ಹಗ್ಗ ದಾಟಬಾರದು, ಮೇಡಂ."

ಆ ದನಿ... ಐದು ವರ್ಷವಾದರೂ ಎದೆ ಮರೆತಿರಲಿಲ್ಲ.

ಗ್ರೀಸಿನ ಪುರಾತನ ಎಪಿಡಾವ್ರೋಸ್ ಬಯಲು ರಂಗಮಂದಿರದ ಕಾವಲುಗಾರನ ಅಂಗಿಯಲ್ಲಿ ಸ್ಟಮಾಟಿಸ್ ನಿಂತಿದ್ದ. ಒಂದು ಕಾಲಕ್ಕೆ ಅವಳದೇ ಶಾಲೆಯ ಆಟದ ಮೇಷ್ಟ್ರು, ಅವಳ ಬೆರಳಿಗೆ ಉಂಗುರ ತೊಡಿಸಿದವನು. ಇವಳು ಸೀಟು ಎಣಿಸುವವಳು, ಅವನು ಸೀಟಿ ಊದುವವನು. ಶಾಲಾ ಪ್ರವಾಸಕ್ಕೆಂದೇ ಹೇಳಿ ಮಾಡಿಸಿದ ಜೋಡಿ.

'ಮಗುವನ್ನು ಕೊಂದವನು' ಎಂದುಕೊಂಡಳು. ಅವನ ನರೆತ ಗಡ್ಡ ನೋಡಿ, ಹಾಗೆ ಅಂದುಕೊಳ್ಳುವುದೂ ಯಾಕೋ ಕಷ್ಟವಾಯಿತು.

ಐದು ವರ್ಷದ ಹಿಂದಿನ ಪ್ರವಾಸದಲ್ಲಿ ಮೀನಾಸ್ ಎಂಬ ವಿದ್ಯಾರ್ಥಿಯನ್ನು ಅಕ್ರೊಕೊರಿಂಥೋಸ್ ಕೋಟೆಯಲ್ಲೇ ಬಿಟ್ಟು ಬಸ್ಸು ಹೊರಟಿತ್ತು. ಅದನ್ನು ಹಿಡಿಯಲು ಗೋಡೆ ಹತ್ತಿ ಅಡ್ಡದಾರಿಗಿಳಿದ ಮೀನಾಸ್ ಬಿದ್ದು ಸತ್ತ. ಬಸ್ಸು ಹತ್ತಿದವರನ್ನು ಅರ್ಗೀರೊ ಎಣಿಸಿದ್ದಳು, ಮೂವತ್ತೆರಡು ಸರಿಯಿತ್ತು. ಎಣಿಸಿದ ಮೇಲೆ ಅವನು ಹಿಂಬಾಗಿಲಿನಿಂದ ಇಳಿದ, ಅಲ್ಲೇ ಕಾಯುತ್ತಿದ್ದ ನಾನು ಗಮನಿಸಲಿಲ್ಲ ಎಂದು ಸ್ಟಮಾಟಿಸ್ ವಿಚಾರಣೆಯಲ್ಲಿ ಒಪ್ಪಿಕೊಂಡ. ಶಾಲೆ ಅವನ ಕೆಲಸ ಕಿತ್ತುಕೊಂಡಿತು, ಇವಳು ಉಂಗುರ ಕಿತ್ತು ಕೊಟ್ಟಳು.

ಅರ್ಗೀರೊ ಮಕ್ಕಳನ್ನು ತುದಿಯ ಸಾಲಿಗೆ ಹತ್ತಿಸಿದಳು. ಕೆಳಗೆ ನಟ್ಟನಡುವಿನ ಕಲ್ಲಿನ ಮೇಲೆ ನಿಂತು ಒಬ್ಬರು ಕಾಗದ ಹರಿಯಬೇಕು, ಮೇಲಿನವರು ಉಸಿರು ಬಿಗಿಹಿಡಿದು ಕೇಳಬೇಕು. ಆ ಕಲ್ಲಿನ ಮೇಲಿನ ಸಣ್ಣ ಸದ್ದೂ ತುದಿಯ ಸಾಲಿನವರೆಗೆ ಕೇಳುತ್ತದೆ; ಇಲ್ಲಿಗೆ ಬಂದ ಶಾಲೆಗಳೆಲ್ಲ ಆಡುವ ಆಟ. ಹರಿಯುವ ಕೆಲಸ ಮುದಿ ಡ್ರೈವರ್ ಫೋಟಿಸ್‌ನದು. ಅಂದಿನ ಬಸ್ಸಿಗೂ ಅವನೇ ಡ್ರೈವರ್.

ಫೋಟಿಸ್ ಕಲ್ಲಿನ ಮೇಲೆ ನಿಂತು ಕಾಗದ ತೆಗೆದ. ಪಕ್ಕದಲ್ಲೇ ಹಗ್ಗದ ಬಳಿ ಸ್ಟಮಾಟಿಸ್‌ನನ್ನು ಕಂಡ. ಕಾಗದ ಮರೆತ.

"ಇನ್ನೂ ಎಷ್ಟು ವರ್ಷ ಹೊರ್ತೀಯೋ ಇದನ್ನ?" ಪಿಸುಮಾತು ಐವತ್ತೈದು ಸಾಲು ಹತ್ತಿ ಬಂತು. "ಬಸ್ಸಿನ ಕನ್ನಡೀಲಿ ನಾನೇ ನೋಡಿದ್ನಲ್ಲಪ್ಪ. ಮೂವತ್ತೊಂದು ತಲೆ ಎಣಿಸಿ, ಕೊನೇಗೆ ತನ್ನೆದೆ ಮುಟ್ಕೊಂಡು ಮೂವತ್ತೆರಡು ಅಂದ್ಲು. ಮೀನಾಸ್ ಬಸ್ ಹತ್ತೇ ಇರ್ಲಿಲ್ಲ. ನೀನು ನೋಡಿದ್ರೆ ಹಿಂಬಾಗಿಲಿನ ಕಥೆ ಕಟ್ಟಿ..."

"ಬಾಯಿ ಮುಚ್ಚು, ಫೋಟಿಸ್ ಮಾವ. ನೀ ನಿಂತಿರೋ ಕಲ್ಲು..."

ತಡವಾಗಿತ್ತು. ಮಕ್ಕಳು ಒಬ್ಬೊಬ್ಬರಾಗಿ ಟೀಚರ್ ಕಡೆ ತಿರುಗಿದರು. ಯಾರೂ ನಗಲಿಲ್ಲ.

ಅವಳ ಕೈ ತಾನಾಗಿಯೇ ಎದೆ ಮುಟ್ಟಿತ್ತು... ಹೌದು, ಅಂದೂ ಹೀಗೇ. ಪ್ರತಿ ವರ್ಷ ಇಗರ್ಜಿಯಲ್ಲಿ ಸತ್ತ ಮಗನ ನೆನಪಿಗೆ ಹಂಚುವ ಬೇಯಿಸಿದ ಗೋಧಿಯನ್ನು ಇದೇ ಅಂಗೈಗೆ ಹಾಕುತ್ತಾ ಮೀನಾಸ್‌ನ ತಾಯಿ ಹೇಳುತ್ತಿದ್ದಳು, ನೀನಾದರೂ ಎಣಿಸಿದ್ದೆಯಲ್ಲ ಮಗಳೇ ಎಂದು.

ಮೆಟ್ಟಿಲಿಳಿದು ಸ್ಟಮಾಟಿಸ್‌ನೆದುರು ನಿಂತಳು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೂ ಆ ಕೋಟೆ ಗೋಡೆ ಹತ್ತಿ ಪ್ರಾಣ ಬಿಡ್ತಿದ್ದೆ. ನನ್ನ ಬೈಕೊಂಡಾದ್ರೂ ಬದುಕಿರ್ಲಿ ಅಂತ."

"ಭಾನುವಾರ ಮೀನಾಸ್ ಅಮ್ಮನ ಹತ್ರ ಹೋಗ್ತೀನಿ. ತಪ್ಪು ನಂದು ಅಂತೀನಿ."

"ಆಕೆ ಕ್ಷಮಿಸಲ್ಲ, ಅರ್ಗೀರೊ."

"ಗೊತ್ತು."

"ಹಾಗಾದ್ರೆ ಒಬ್ಳೇ ಹೋಗ್ಬೇಡ. ನಾನೂ ಬರ್ತೀನಿ."

ಬಸ್ಸಿನಲ್ಲಿ ಎಣಿಸಲು ನಿಂತವಳಿಗೆ ಏಳರ ಮುಂದೆ ನಾಲಿಗೆ ಹೊರಳಲಿಲ್ಲ. ಎದೆಯತ್ತ ಏಳುತ್ತಿದ್ದ ಅವಳ ಕೈಯನ್ನು, ಬಸ್ಸು ಹತ್ತಿ ಬಂದ ಸ್ಟಮಾಟಿಸ್ ನಡುವೆಯೇ ಹಿಡಿದುಕೊಂಡ.

"ನೀನೇ ಎಣಿಸು," ಎಂದಳು. "ನನ್ನ ಬಿಟ್ಟು."

"ನಿನ್ನ ಬಿಟ್ಟು ಎಣಿಸೋಕೆ ಐದು ವರ್ಷದಿಂದ ನೋಡ್ತಿದೀನಿ... ಬರ್ತಿಲ್ಲ."