ಮೂರು ಮೀಟರ್ ಆಳದ ಮೆಕ್ಕೆಜೋಳ

"ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಮುಂದಿಟ್ಟರೆ ನೋಡಿ!"

ಪ್ರಯೋಗಾಲಯದ ಬಾಗಿಲಲ್ಲಿ ಅವನು ಹಾಗೇ ಒಂಟಿಕಾಲಲ್ಲಿ ನಿಂತುಬಿಟ್ಟ. ಹೆಗಲ ಮೇಲೆ ಮಣ್ಣು ತುಂಬಿದ ಮೀಟರ್ ಉದ್ದದ ಎರಡು ಕೊಳವೆ, ಮೊಣಕಾಲವರೆಗೆ ಕೆಸರು, ಮುಖದ ತುಂಬ ಮೂರು ದಿನದ ಗಡ್ಡ. ಕೆರೆಯ ತಳ ಕೊರೆದು ಮಣ್ಣು ತರುವ ತಂಡಕ್ಕೆ ಆ ವಾರವಷ್ಟೇ ಸೇರಿದವನು.

"ಮೇಡಂ, ಭಾರ ಇದೆ..."

"ಇರಲಿ! ಮೊದಲು ಬೂಟು ಬಿಚ್ಚಿ. ಇಲ್ಲಿ ಹೊರಗಿನ ಧೂಳು ಒಂದು ಕಣ ಬಿದ್ರೂ ನನ್ನ ಕೆಲಸ ಹಾಳಾಗುತ್ತೆ, ಗೊತ್ತಾ?"

"ಕೈ ಖಾಲಿ ಇಲ್ವಲ್ಲ. ನೀವೇ ಬಿಚ್ತೀರಾ?"

ಎಂಥಾ ಸೊಕ್ಕು! ಆದರೆ ಅವನ ತೋಳು ನಡುಗುತ್ತಿದ್ದುದು ಕಣ್ಣಿಗೆ ಬಿತ್ತು. ಹಲ್ಲು ಕಚ್ಚಿಕೊಂಡು ಬಗ್ಗಿ ಬೂಟಿನ ದಾರ ಬಿಚ್ಚಿದಳು. ಅಂದಿನಿಂದ ಅವನು ಅವಳ ಬಾಯಲ್ಲಿ ಕೆಸರು ಸಾಹೇಬ. ಅವನ ಬಾಯಲ್ಲಿ ಅವಳು ಧೂಳು ಮೇಡಂ.

ಹೆಸರೇನೋ ಸರಿಯಾಗಿಯೇ ಇತ್ತು ಬಿಡಿ. ಅವಳ ಹೊಟ್ಟೆಪಾಡೇ ಹೂವಿನ ಧೂಳು. ಹೂಗಳ ಪರಾಗ ಗಾಳಿಯಲ್ಲಿ ಹಾರಿ ಕೆರೆಗೆ ಬೀಳುತ್ತದೆ, ತಳದ ಕೆಸರಿನಲ್ಲಿ ಪದರ ಪದರವಾಗಿ ಹೂತುಹೋಗುತ್ತದೆ. ಅದರ ಸಿಪ್ಪೆ ಬಲು ಗಟ್ಟಿ, ಸಾವಿರಾರು ವರ್ಷವಾದರೂ ಕೊಳೆಯುವುದಿಲ್ಲ. ಆ ಕೆಸರನ್ನು ಆಮ್ಲದಲ್ಲಿ ಕಾಯಿಸಿ, ಉಳಿದದ್ದನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಕಣ ಎಣಿಸಬೇಕು. ಗಾಜಿಗೆ ಮುನ್ನೂರು ಕಣ, ಒಟ್ಟು ನಲವತ್ತು ಗಾಜು. ಯಾವ ಕಾಲದಲ್ಲಿ ಅಲ್ಲಿ ಕಾಡಿತ್ತು, ಯಾವಾಗ ಹುಲ್ಲು ಬಂತು, ಮಳೆ ಯಾವಾಗ ಕೈಕೊಟ್ಟಿತು, ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಎಣಿಸುವವಳ ಕುತ್ತಿಗೆ ಹಿಡಿದುಕೊಂಡರೆ ಕೇಳುವವರಿಲ್ಲ.

ಕೇಳುವವನು ಒಬ್ಬ ಬಂದ. ದಿನಾ ಸಂಜೆ, ಬೂಟು ಬಿಚ್ಚಿಟ್ಟು, ಬಾಗಿಲಲ್ಲಿ ನಿಂತು.

"ಇವತ್ತು ಯಾವ ಮರ ಸಿಕ್ತು?"

"ನಿಮಗ್ಯಾಕೆ ಅದೆಲ್ಲ?"

"ಹನ್ನೊಂದು ವರ್ಷದಿಂದ ಊರೂರು ಸುತ್ತಿ ಕೆಸರು ಎತ್ತಿದ್ದೀನಿ. ಅದರಲ್ಲಿ ಏನಿತ್ತು ಅಂತ ಯಾರೂ ನಂಗೆ ಹೇಳಿಲ್ಲ."

ಅವಳಿಗೆ ಪಾಪ ಅನ್ನಿಸಿತು. ಪಕ್ಕಕ್ಕೊಂದು ಕುರ್ಚಿ ಎಳೆದಳು.

"ನೋಡಿ, ಇದು ಹಳೇದು. ಆಮ್ಲ ಒಳಗಿದ್ದದ್ದನ್ನೆಲ್ಲ ತಿಂದು ಹಾಕಿದೆ, ಬರೀ ಸಿಪ್ಪೆ. ಈ ಗಾಜಲ್ಲಿರೋದು ಆಮ್ಲ ಮುಟ್ಟಿಸದ ಹೊಸ ಕಣ. ಒಳಗೆ ಹೇಗೆ ತುಂಬ್ಕೊಂಡಿದೆ ನೋಡಿ."

ಅವನು ಬಗ್ಗಿ ನೋಡಿದ. ಎಷ್ಟೋ ಹೊತ್ತು ತಲೆ ಎತ್ತಲಿಲ್ಲ. ಅವನ ಕೂದಲು ಅವಳ ಕೆನ್ನೆಗೆ ತಾಗಿತು... ಆ ದಿನ ಅವಳ ಎಣಿಕೆ ಮೂರು ಸಲ ತಪ್ಪಿತು. ಮೂರು ಸಲವೂ ಅವನಿಗೇ ಬೈದಳು.

ಹೀಗೆ ಎರಡು ತಿಂಗಳು. ಒಂದು ಸೋಮವಾರ ಅವನು ಬಾಗಿಲಲ್ಲಿ ಕೈ ಹಿಸುಕಿಕೊಳ್ಳುತ್ತ ನಿಂತ.

"ಭಾನುವಾರ ನಿಮ್ಮ ಮನೆಗೆ ಬರ್ಲಾ? ನಿಮ್ಮ ಅಮ್ಮನ ಹತ್ತಿರ ಸ್ವಲ್ಪ ಮಾತಾಡೋದಿತ್ತು."

ಏನು ಮಾತು ಅಂತ ಅವಳಿಗೆ ಗೊತ್ತಿಲ್ಲವೇ! ಮುಖವೆಲ್ಲ ಬಿಸಿಯಾಯಿತು. "ನಾಳೆ ಹೇಳ್ತೀನಿ," ಎಂದಳು.

ಆ ನಾಳೆಯೇ ಕೈಕೊಟ್ಟಿತು.

ಮಂಗಳವಾರ ಮೂರು ಮೀಟರ್ ಆಳದ ಗಾಜನ್ನು ನೋಡುತ್ತಿದ್ದವಳ ಕೈ ನಿಂತಿತು. ದೊಡ್ಡದೊಂದು ದುಂಡು ಕಣ, ಅದಕ್ಕೆ ಒಂದೇ ರಂಧ್ರ. ಮೆಕ್ಕೆಜೋಳ! ನಾಲ್ಕು ಸಾವಿರ ವರ್ಷ ಹಳೆಯ ಕೆಸರಿನಲ್ಲಿ! ಆ ಬೆಳೆ ಈ ನಾಡಿಗೆ ಹಡಗಿನಲ್ಲಿ ಬಂದು ಐನೂರು ವರ್ಷವೂ ಆಗಿಲ್ಲ. ಮುಂದಿನ ಗಾಜಿನಲ್ಲೂ ಇತ್ತು. ಕಳೆದ ಹದಿನೈದು ದಿನದಲ್ಲಿ ಮಾಡಿದ ಹನ್ನೆರಡು ಗಾಜುಗಳಲ್ಲೂ ಇತ್ತು.

ಹೊರಗಿನ ಕಣ ಸೇರಿದ ಗಾಜಿನ ಲೆಕ್ಕವನ್ನು ಯಾರು ನಂಬುತ್ತಾರೆ? ತಿಂಗಳ ಕೊನೆಗೆ ವರದಿ ಕೊಡಬೇಕು. ಅದರ ಮೇಲೆಯೇ ಅವಳ ಕೆಲಸ ಮುಂದುವರಿಯುವುದು ನಿಂತಿತ್ತು.

ಕೆರೆಯ ಸುತ್ತ ಮೆಕ್ಕೆಜೋಳದ ಹೊಲವಿದೆ ಎಂದು ಅವನೇ ಹೇಳಿದ್ದ. ಕೊಳವೆಯ ಹೊರಮೈ ಒರೆಸದೆ ತಂದಿದ್ದಾನೆ! ಬೂಟಿನಲ್ಲೇ ನುಗ್ಗಲು ಹೊರಟಿದ್ದವನಲ್ಲವೇ! ತಲೆ ಕಾದುಹೋಯಿತು. ಅರ್ಧ ಗಂಟೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥೆಗೆ ಅವನ ಮೇಲೆ ದೂರಿನ ಪತ್ರ ಬರೆದು ಕೊಟ್ಟೇಬಿಟ್ಟಳು.

ಮರುದಿನ ಬೆಳಿಗ್ಗೆ ಅವನು ಬಂದ. ಕೈಯಲ್ಲಿ ಆ ಪತ್ರದ ಪ್ರತಿ.

"ಬೆಟ್ಟದ ಕೆರೆಗೆ ಶುಕ್ರವಾರ ಹೊರಡೋ ತಂಡದಿಂದ ನನ್ನ ತೆಗೆದಿದ್ದಾರೆ. ಆ ಕೆರೆ ಕೊರೆಯೋಕೆ ಎಷ್ಟು ವರ್ಷದಿಂದ ಕಾಯ್ತಿದ್ದೆ ಅಂತ ನಿಮಗೆ ಗೊತ್ತು."

"ಕೊಳವೆ ಒರೆಸಿದ್ರೆ ಹೀಗಾಗ್ತಿರ್ಲಿಲ್ಲ."

"ಮೂರು ಸಲ ಒರೆಸಿದ್ದೀನಿ!"

"ಹಾಗಾದ್ರೆ ಮೆಕ್ಕೆಜೋಳ ಆಕಾಶದಿಂದ ಬಿತ್ತಾ?"

ಅವನು ಪತ್ರ ಮಡಚಿ ಜೇಬಿಗಿಟ್ಟ. "ಒಂದೇ ಮಾತು ಕೇಳ್ತೀನಿ. ಆ ಕಣ ಖಾಲಿ ಇದೆಯಾ, ತುಂಬಿದೆಯಾ?"

"ನಂಗೇ ಪಾಠ ಹೇಳ್ತೀರಾ?"

"ನೀವು ಹೇಳ್ಕೊಟ್ಟ ಪಾಠಾನೇ ಮೇಡಂ."

ಅವನು ತಿರುಗಿ ನೋಡದೆ ಹೊರಟುಹೋದ. ಹೋಗಲಿ ಪೀಡೆ ಎಂದು ಅವಳು ಕುರ್ಚಿ ಎಳೆದು ಕೂತಳು. ಮಾಡುವುದೆಲ್ಲ ಮಾಡಿ ನನಗೇ ಪ್ರಶ್ನೆ! ಸುಳ್ಳ ಅಂತ ತೋರಿಸಿಕೊಡುತ್ತೇನೆ ಎಂದುಕೊಂಡು ಗಾಜನ್ನು ಇಟ್ಟು ಕಣ್ಣು ಹಚ್ಚಿದಳು.

ತುಂಬಿತ್ತು.

ಎರಡನೆಯದೂ ತುಂಬಿತ್ತು. ಹನ್ನೆರಡಕ್ಕೆ ಹನ್ನೆರಡೂ!

ಕೊಳವೆಗೆ ಅಂಟಿಕೊಂಡು ಬಂದಿದ್ದರೆ ಕೆಸರಿನ ಜೊತೆ ಅದೂ ಆಮ್ಲದಲ್ಲಿ ಬೆಂದು ಬರಿ ಸಿಪ್ಪೆಯಾಗಬೇಕಿತ್ತು. ಇದು ಆಮ್ಲ ಕಂಡೇ ಇಲ್ಲ. ಅಂದರೆ ಕಾಯಿಸಿದ ಮೇಲೆ, ಈ ಕೋಣೆಯಲ್ಲಿ, ಅವಳ ಕೈಯಲ್ಲೇ ಬಿದ್ದದ್ದು. ಹೊಸದಾಗಿ ಸೇರಿದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ಸಿಟ್ಟಿನಲ್ಲಿ ಅವಳು ಕಣದ ಗಾತ್ರ ನೋಡಿದಳು, ರಂಧ್ರ ನೋಡಿದಳು, ಒಳಗೆ ನೋಡಲಿಲ್ಲ!

ಕಿಟಕಿ ಮುಚ್ಚಿತ್ತು. ಗಾಳಿ ಸೋಸುವ ಜಾಲರಿ ಹೊಸದು. ಎಲ್ಲಿಂದ ಬಂತು? ಇಡೀ ದಿನ ಮೂಲೆ ಮೂಲೆ ಒರೆಸಿ ನೋಡಿದಳು. ಏನೂ ಸಿಗಲಿಲ್ಲ. ಸಂಜೆ ತಲೆ ಕೆಟ್ಟು ಮನೆಗೆ ಬಂದವಳು ಹಿತ್ತಿಲಲ್ಲಿ ಕಂಡದ್ದನ್ನು ನೋಡಿ ಕಲ್ಲಾದಳು.

ಅಮ್ಮ ತಂತಿಯ ಮೇಲೆ ಅವಳ ಎರಡನೇ ಬಿಳಿ ಕೋಟು ಒಣಹಾಕಿದ್ದರು. ಕೋಟಿನ ತೋಳು ತಾಗುವಷ್ಟು ಹತ್ತಿರದಲ್ಲಿ ಅಮ್ಮ ಬೆಳೆಸಿದ ಹತ್ತು ಮೆಕ್ಕೆಜೋಳದ ಗಿಡ. ಹತ್ತೂ ಹೂಬಿಟ್ಟಿದ್ದವು.

"ಅಮ್ಮಾ! ಅಲ್ಲಿ ಯಾಕೆ ಹಾಕಿದೆ?"

"ಮತ್ತೆಲ್ಲಿ ಹಾಕ್ಲಿ, ನಿನ್ನ ತಲೆ ಮೇಲಾ? ಬಿಸಿಲು ಬೀಳೋದೇ ಅಲ್ಲಿ. ಎರಡು ವಾರದಿಂದ ಅಲ್ಲೇ ಹಾಕ್ತಿದ್ದೀನಿ, ಈಗ ಕಣ್ಣು ಬಿಡ್ತಿದ್ದಾಳೆ!"

ಅವಳು ಕೋಟನ್ನು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತಳು. ಕೋಟನ್ನು ಮನೆಗೆ ಒಯ್ಯಬಾರದು ಎಂದು ಪ್ರಯೋಗಾಲಯದ ಬಾಗಿಲಿಗೆ ಚೀಟಿ ಅಂಟಿಸಿದವಳೂ ಅವಳೇ. ಅಲ್ಲಿ ಒಗೆದರೆ ಕಲೆ ಹೋಗುವುದಿಲ್ಲವೆಂದು ಗುಟ್ಟಾಗಿ ಒಯ್ದವಳೂ ಅವಳೇ.

"ಏನಾಯ್ತೇ?" ಅಮ್ಮ ಗಾಬರಿಯಾದರು.

"ನಾನು ತುಂಬ ಕೆಟ್ಟ ಕೆಲಸ ಮಾಡಿದ್ದೀನಮ್ಮ... ನಮ್ಮ ಮನೆಗೆ ಬರಬೇಕು ಅಂತಿದ್ದವನ ಹೊಟ್ಟೆ ಮೇಲೆ ಹೊಡೆದಿದ್ದೀನಿ."

ಅಮ್ಮ ಪಕ್ಕದಲ್ಲಿ ಕೂತು, ಅವಳ ಅಳು ನಿಂತ ಮೇಲೆ ಹೇಳಿದರು. "ನನ್ನ ಹತ್ತಿರ ಹೇಳಿದ್ರೆ ಏನು ಬಂತು? ಹೇಳಬೇಕಾದವರ ಹತ್ತಿರ ಹೇಳು."

ಗುರುವಾರ ಬೆಳಿಗ್ಗೆ ಮುಖ್ಯಸ್ಥೆಯ ಮುಂದೆ ಒಂದನ್ನೂ ಮುಚ್ಚಿಡದೆ ಹೇಳಿ, ತಪ್ಪೊಪ್ಪಿಕೊಂಡು ಬರೆದ ಪತ್ರವನ್ನು ಮುಂದಿಟ್ಟಳು.

"ನಿಮ್ಮ ಕೆಲಸದ ಅವಧಿ ಮುಗಿಯುತ್ತಾ ಬಂದಿದೆ. ಹೀಗೆ ಬರೆದುಕೊಟ್ರೆ ಮುಂದುವರಿಸ್ತೀವಿ ಅಂತ ನಾನು ಮಾತು ಕೊಡೋಕಾಗಲ್ಲ," ಎಂದರು ಮುಖ್ಯಸ್ಥೆ.

"ಗೊತ್ತು ಮೇಡಂ. ಅವರ ಹೆಸರು ಪಟ್ಟಿಗೆ ಸೇರಿಸಿ. ಹನ್ನೆರಡು ಗಾಜು ಹೊಸದಾಗಿ ಮಾಡಿ ಎಣಿಸ್ತೀನಿ. ಆಮೇಲೆ ನಿಮ್ಮಿಷ್ಟ."

ಅವನು ಹಿಂದಿನ ಶೆಡ್ಡಿನಲ್ಲಿ ಕೊರೆಯುವ ಸರಳುಗಳಿಗೆ ಎಣ್ಣೆ ಹಚ್ಚುತ್ತಿದ್ದ. ಅವಳು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

"ತುಂಬಿತ್ತು," ಎಂದಳು.

"ಗೊತ್ತಾಯ್ತು. ಮುಖ್ಯಸ್ಥೆ ಈಗಷ್ಟೇ ಫೋನ್ ಮಾಡಿದ್ರು. ನಾಳೆ ಹೊರಡಬೇಕಂತೆ, ಮೂರು ತಿಂಗಳು."

"ಕ್ಷಮಿಸಿ... ತಪ್ಪು ನನ್ನದು. ಪೂರ್ತಿ ನನ್ನದೇ."

ಅವನು ಎಣ್ಣೆ ಬಟ್ಟೆಯನ್ನು ನೆಲಕ್ಕೆ ಎಸೆದ. "ತಂಡದಿಂದ ತೆಗೆದ್ರು ಅಂತ ನಂಗೆ ಸಿಟ್ಟಿಲ್ಲ! ದಿನಾ ಸಂಜೆ ಪಕ್ಕದಲ್ಲೇ ಕೂತಿರ್ತಿದ್ನಲ್ಲ, ಒಂದು ಮಾತು ಕೇಳಬಾರದಿತ್ತಾ? ಪತ್ರ ಬರೆಯೋ ಮುಂಚೆ, ಒಂದೇ ಒಂದು ಮಾತು?"

ಅವಳು ಬಗ್ಗಿ ಆ ಬಟ್ಟೆಯನ್ನು ಎತ್ತಿಕೊಂಡಳು. ಅಲ್ಲಿಂದ ಕದಲಲಿಲ್ಲ.

"ಆಗ ಕೇಳ್ಲಿಲ್ಲ. ಈಗ ಕೇಳ್ಲಾ?"

"ಕೇಳಿ."

"ನನ್ನ ಮೇಲೆ ಪ್ರೀತಿ... ಇನ್ನೂ ಇದೆಯಾ?"

ಅವನು ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದ.

"ಇದೆ," ಎಂದ ಕೊನೆಗೆ. "ಸಿಟ್ಟೂ ಇದೆ."

"ಸಿಟ್ಟು ಎಷ್ಟು ದಿನ ಇರುತ್ತೆ?"

"ಯಾರಿಗೆ ಗೊತ್ತು!"

"ಇರಲಿ. ನಾನೂ ಇರ್ತೀನಿ. ಈ ಕೆಲಸ ಇದ್ರೂ, ಇಲ್ಲದಿದ್ರೂ... ನಂಗೆ ನೀನು ಬೇಕು."

ಅವನು ಮೊದಲ ಸಲ ಅವಳತ್ತ ನೋಡಿದ. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಕಣ್ಣು ಮಾತ್ರ ಒದ್ದೆಯಾಗಿತ್ತು.

"ಈ ಸರಳು ಒಬ್ಬನೇ ಎತ್ತೋಕಾಗಲ್ಲ," ಎಂದ. "ಬಾ, ಆ ತುದಿ ಹಿಡ್ಕೋ."

ಅವಳು ಕಣ್ಣೊರೆಸಿಕೊಂಡು ಹೋಗಿ ಹಿಡಿದುಕೊಂಡಳು.